ಹೆಬ್ಬೆಟ್ಟಿನ ಜಾಗ

ಮಲ್ಲಟ
೧೨ ಜೂನ್ ೧೯೭೯

ತಮ್ಮ ಯಂಕೋಬನಿಗೆ ಅಕ್ಕ ಯಮನಮ್ಮ ಬರೆಯುವುದು.

ನಿನ್ನೆ ಒಂದು ಕೆಟ್ಟ ಕನಸು ಬಿತ್ತು. ಅವ್ವನ ಟ್ರಂಕಿನಲ್ಲಿಟ್ಟ ಬಿಡುಗಡೆಯ ಸೋಡಚೀಟಿ ತೆಗೆದು ನೋಡಿದರೆ ಕಾಗದ ಇತ್ತು, ಅಕ್ಷರ ಇರಲಿಲ್ಲ. ಗೆದ್ದಲು ಅಕ್ಷರ ಮಾತ್ರ ತಿಂದು ಕಾಗದ ಬಿಟ್ಟಿದ್ದವು. ಗಡಿಗೆಪ್ಪ ಮಾವ ಬಂದು, "ಅಕ್ಷರ ಇಲ್ಲಂದ್ರ ನೀ ಇನ್ನಾ ಗುಂಜಹಳ್ಳಿ ಸೊಸಿನೇ, ನಡಿ" ಅಂದ. ನಾನು ಬುತ್ತಿ ಕಟ್ಟಿಕೊಂಡು ಹೊರಟೆ. ಅಲ್ಲಿಗೆ ಎಚ್ಚರ ಆಯಿತು. ಎದ್ದು ಟ್ರಂಕು ತೆಗೆದು ನೋಡಿದೆ. ಅಕ್ಷರ ಇದ್ದವು. ಮುಚ್ಚಿದೆ. ಮತ್ತೆ ತೆಗೆದು ನೋಡಿದೆ.

ನಿನಗೆ ಗೊತ್ತಿರಲಿ ಎಂದು ಆದದ್ದೆಲ್ಲ ಬರೆಯುತ್ತೇನೆ. ಮೊನ್ನೆ ಭಾನುವಾರ ಕೇರಿಯ ಬೇವಿನ ಮರದ ಕೆಳಗೆ ಹಿರಿಯರು ಕೂಡಿದ್ದರು. ಹನುಮಂತ್ರಾಯ ಗುಂಜಹಳ್ಳಿಯಿಂದ ತನ್ನ ಕಾಕನನ್ನು ಕರೆದುಕೊಂಡು ಬಂದಿದ್ದ. ಅವನು ನನ್ನನ್ನು ಹೊಡೆದದ್ದು ಬಡಿದದ್ದು ಏನೂ ಇಲ್ಲ, ನಿನಗೂ ಗೊತ್ತು. ಒಂಬತ್ತು ವರ್ಷ ಅವನ ಮನೆಯಲ್ಲಿದ್ದೆ. ಮಕ್ಕಳಾಗಲಿಲ್ಲ. ಮಾತು ಕಡಿಮೆ ಆಯಿತು, ಆಮೇಲೆ ನಿಂತೇ ಹೋಯಿತು. ಹಿರಿಯರ ಪರವಾಗಿ ಗಡಿಗೆಪ್ಪ ಮಾವ ಕೇಳಿದ, "ಏನಬೇ ಯಮನವ್ವ, ಹೋಗ್ತೀಯೋ ಬಿಡ್ತೀಯೋ?" "ಬಿಡ್ತೀನಿ" ಅಂದೆ. "ನೀ ಏನಂತೀಯೋ?" ಅಂತ ಅವನನ್ನು ಕೇಳಿದ. "ಆಕಿ ಬಿಡ್ತೀನಿ ಅಂದ್ರ ನಾ ಯಾಕ ಹಿಡೀಲಿ? ಕಟ್ಟಿಹಾಕಾಕ ಎತ್ತೇನು ಆಕಿ?" ಅಂದ. ಎಲ್ಲರೂ ನಕ್ಕರು. ನನಗೂ ನಗು ಬಂತು.

ತಾಳಿ ಬಿಚ್ಚಿ ಅವನ ಕಾಕನ ಕೈಗೆ ಕೊಟ್ಟೆ. ಒಂದು ಜೋಳದ ದಂಟನ್ನು ಇಬ್ಬರೂ ಒಂದೊಂದು ತುದಿ ಹಿಡಿದು ಮುರಿದೆವು. ಗಂಡ ಹೆಂಡತಿ ಬಿಡುಗಡೆಯಾದರು, ಯಾರ ದಾರಿ ಯಾರೂ ಕಟ್ಟಬಾರದು ಎಂದು ಅಂಗಡಿಯ ಪೀರಾ ಸಾಬ್ ಚೀಟಿ ಬರೆದ. ಶಾಯಿಯ ಪ್ಯಾಡು ಇರಲಿಲ್ಲ. ತನ್ನ ಪೆನ್ನು ಬಿಚ್ಚಿ ಹನುಮಂತ್ರಾಯನ ಹೆಬ್ಬೆರಳಿನ ಮೇಲೆ ನೀಲಿ ಶಾಯಿ ಸುರುವಿದ. ಅವನು ಒತ್ತಿದ. ಎಲ್ಲರೂ ಚಹಾ ಕುಡಿದರು. ಅವರು ಬಸ್ಸಿಗೆ ಹೋದರು. ಇಷ್ಟೇ.

ಆ ಚೀಟಿಯನ್ನು ಇದರೊಳಗೆ ಇಟ್ಟು ರಿಜಿಸ್ಟರ್ ಮಾಡಿಸಿ ಕಳಿಸುತ್ತಿದ್ದೇನೆ. ನಮ್ಮ ಮನೆಯಲ್ಲಿ ಇಲಿ, ಗೆದ್ದಲು, ಸೋರುವ ಮಾಳಿಗೆ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಕಳೆ ತೆಗೆಯಲು ಹೋದವಳು. ನೀನು ಬಿಡಿಬಿಡಿಯಾಗಿ ಬರೆದರೆ ಓದುತ್ತೇನೆ, ಪೀರಾ ಸಾಬ್ ಕೂಡಿಸಿ ಬರೆದದ್ದು ನನಗೆ ಹತ್ತುವುದಿಲ್ಲ. ನೀನು ಮಾಸ್ತರ. ಎಲ್ಲ ಸರಿ ಇದೆಯೋ ಇಲ್ಲವೋ ನೋಡು. ನೋಡಿ ನಿನ್ನ ಹತ್ತಿರವೇ ಇಟ್ಟುಕೋ. ತಲುಪಿದ ಕೂಡಲೇ ಬರಿ. ತಲುಪದಿದ್ದರೂ ಬರಿ.

ನಿನ್ನ ಅಕ್ಕ
ಯಮನಮ್ಮ


ರಾಯಚೂರು
೩ ಜುಲೈ ೧೯೭೯

ಅಕ್ಕನಿಗೆ ಯಂಕೋಬನ ನಮಸ್ಕಾರ.

ಚೀಟಿ ಬಂದು ಮುಟ್ಟಿತು. ಪರೀಕ್ಷೆಯ ಕೆಲಸ ಇದ್ದದ್ದರಿಂದ ತಡವಾಯಿತು. ನಿನಗೆ ತಿಳಿಯಲೆಂದು ಬಿಡಿಬಿಡಿಯಾಗಿ ಬರೆಯುತ್ತಿದ್ದೇನೆ.

ಚೀಟಿಯಲ್ಲಿ ಒಂದು ತಪ್ಪಾಗಿದೆ. ಕೆಳಗೆ ಗಡಿಗೆಪ್ಪ ಮಾವನ ಸಹಿ ಇದೆ, ಪೀರಾ ಸಾಬರ ಸಹಿ ಇದೆ. ಹನುಮಂತ್ರಾಯನ ಹೆಬ್ಬೆಟ್ಟು ಇಲ್ಲ. ಹೆಬ್ಬೆಟ್ಟಿನ ಜಾಗ ಖಾಲಿ ಇದೆ. ಗಂಡನ ಗುರುತು ಬೀಳದ ಚೀಟಿ ನಡೆಯುವುದಿಲ್ಲ. ಇದನ್ನು ನಂಬಿ ನೀನು ಏನಾದರೂ ಮುಂದಿನ ಹೆಜ್ಜೆ ಇಟ್ಟರೆ ನಾಳೆ ಅವನು ಬಂದು ತಕರಾರು ಮಾಡಬಹುದು. ನಾನು ನೋಡಿಕೊಳ್ಳುತ್ತೇನೆ. ಅಲ್ಲಿಯವರೆಗೆ ಯಾರಿಗೂ ಹೇಳಬೇಡ, ಗಡಿಗೆಪ್ಪ ಮಾವನಿಗೂ ಬೇಡ. ಹಿರಿಯರು ಅವಮಾನ ಎಂದುಕೊಂಡಾರು.

ಇನ್ನೊಂದು ಮಾತು. ನನಗೊಂದು ಸಂಬಂಧ ಬಂದಿದೆ. ಹುಡುಗಿ ಮಾಣಿಕಮ್ಮ, ನರ್ಸ್ ತರಬೇತಿ ಮುಗಿಸಿದ್ದಾಳೆ. ತಂದೆ ರೈಲ್ವೆಯಲ್ಲಿದ್ದಾರೆ. ನಮ್ಮವರೇ, ಆದರೆ ಎರಡು ತಲೆಮಾರಿನಿಂದ ನೌಕರಿ. ಸೋಡಚೀಟಿ, ಉಡಿಕಿಯ ಮರುಮದುವೆ ಇವೆಲ್ಲ ಅವರಲ್ಲಿ ಬಿಟ್ಟಿದ್ದಾರೆ.

ಈ ಸಂಬಂಧದ ಮಾತು ಅವ್ವನಿಗೆ ಹೇಳು.
ಯಂಕೋಬ


ಮಲ್ಲಟ
೨೦ ಜುಲೈ ೧೯೭೯

ತಮ್ಮಾ,

ನಿನ್ನ ಕಾಗದ ನಾಲ್ಕು ಸಲ ಓದಿದೆ. ಅವನು ಒತ್ತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೀಗೆ ಬರೆದ ಮೇಲೆ ಅನುಮಾನ ಬಂತು. ಪೀರಾ ಸಾಬ್ ಮೊದಲು ಬೀಡಿಯ ಕಾಗದದ ಮೇಲೆ ಒತ್ತಿಸಿ ಶಾಯಿ ಸರಿಯಾಗಿದೆಯೋ ಇಲ್ಲವೋ ನೋಡಿದ. ನಾನು ನೋಡಿದ್ದು ಅದೇ ಇರಬಹುದು. ಆಗ ಯಾರೋ ಚಹಾದ ಲೋಟ ಕೊಟ್ಟರು, ನಾನು ಆ ಕಡೆ ತಿರುಗಿದೆ. ತಿರುಗಿದಾಗ ಒತ್ತಿದನೋ, ಒತ್ತುವ ಮೊದಲು ತಿರುಗಿದೆನೋ. ಟ್ರಂಕು ತೆಗೆದಾಗಲೂ ಅಕ್ಷರ ಇವೆಯೋ ಇಲ್ಲವೋ ಅಷ್ಟನ್ನೇ ನೋಡಿದ್ದೆ. ನೀನು ಓದಿದವನು, ನೀನು ಇಲ್ಲ ಅಂದರೆ ಇಲ್ಲ.

ಹನುಮಂತ್ರಾಯನನ್ನು ಹಿಡಿದು ಮತ್ತೊಮ್ಮೆ ಒತ್ತಿಸೋಣ ಎಂದರೆ ಅವನು ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಹೋಗಿದ್ದಾನಂತೆ. ವಿಳಾಸ ಯಾರಿಗೂ ಗೊತ್ತಿಲ್ಲ.

ಅವ್ವನಿಗೆ ಮಾತ್ರ ಹೇಳಿದೆ. ತಪ್ಪಾಯಿತೇನೋ. ಆಕೆ ಬೈದಳು. "ನಾ ಮೊದಲಿನ ಗಂಡನ್ನ ಬಿಟ್ಟು ನಿಮ್ಮಪ್ಪಗ ಉಡಿಕಿ ಆಗಿ ಬಂದಾಗ ಮೈಮ್ಯಾಲೆ ಒಂದು ಸೀರಿ ಇತ್ತು, ಅಷ್ಟ. ಯಾ ಭಾಡ್ಯಾನೂ ಕಾಗದ ಕೇಳಲಿಲ್ಲ. ನೀವು ನಾಕು ಅಕ್ಷರ ಕಲ್ತು ಕಾಗದಕ್ಕ ಅಂಜಾಕತ್ತೀರಿ" ಅಂದಳು.

ಆಕೆ ಬೈಯಲು ಕಾರಣ ಇದೆ. ಇಲ್ಲಿ ಶಾಲೆಗೆ ಗೋಡೆ ಕಟ್ಟುತ್ತಿದ್ದಾರೆ. ದೇವದುರ್ಗದ ಜಂಬಣ್ಣ ಎಂಬ ಗೌಂಡಿ ಬಂದಿದ್ದಾನೆ. ಹೆಂಡತಿ ತೀರಿಕೊಂಡು ಎರಡು ವರ್ಷ. ನಾನು ಅವನ ಕೈಕೆಳಗೆ ಗಾರೆ ಹೊರುತ್ತೇನೆ. ಹೋದ ವಾರ ಎಲ್ಲರ ಮುಂದೆ, "ಯಮನಮ್ಮಾರ ಬುಟ್ಟಿ ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿ ಇಲ್ಲ. ಹಿಂತಾಕಿ ಮನ್ಯಾಗಿದ್ರ ಗ್ವಾಡಿ ಸೊಟ್ಟ ಆಗಂಗಿಲ್ಲ" ಅಂದ. ಹೆಣ್ಣುಮಕ್ಕಳು ಕೂಗಿ ನಕ್ಕರು. ಮರುದಿನ ಅವ್ವನ ಹತ್ತಿರ ಬಂದು ಉಡಿಕಿಯ ಮಾತು ಎತ್ತಿದ. ಚೀಟಿ ಆಗಿದೆಯಲ್ಲ ಎಂದು ಕೇಳಿದ. ಆಗಿದೆ, ಸ್ವಲ್ಪ ತಡ ಇದೆ ಎಂದೆ.

ಎಷ್ಟು ತಡ ಎಂದು ಹೇಳಲಿ? ಬರಿ.

ಯಮನಮ್ಮ


ರಾಯಚೂರು
೯ ನವೆಂಬರ್ ೧೯೭೯

ಅಕ್ಕಾ,

ಜನವರಿ ಕೊನೆಗೆ ಮದುವೆ ಗೊತ್ತಾಗಿದೆ. ಹೈದರಾಬಾದಿನಲ್ಲಿ ಪರಿಚಯದವರಿಗೆ ಬರೆದು ಹನುಮಂತ್ರಾಯನನ್ನು ಹುಡುಕಿಸುತ್ತಿದ್ದೇನೆ. ಸಿಕ್ಕ ಕೂಡಲೇ ಹೆಬ್ಬೆಟ್ಟು ಹಾಕಿಸುತ್ತೇನೆ. ಗೌಂಡಿಯ ಮಾತು ಸದ್ಯ ಎತ್ತಬೇಡ. ಎಲ್ಲಿಯೂ ಎತ್ತಬೇಡ.

ಮದುವೆಗೆ ನೀನು ಬರಲೇಬೇಕು. ಬರುವಾಗ ಮಾನ್ವಿ ಸಂತೆಯಲ್ಲಿ ಒಂದೆಳೆ ಕರಿಮಣಿ ಕೊಂಡು ಹಾಕಿಕೊಂಡು ಬಾ, ಕಾಲುಂಗುರ ಇರಲಿ. ಕೇಳಿದರೆ ಬಾವ ಹೈದರಾಬಾದಿನಲ್ಲಿ ಕೆಲಸದಲ್ಲಿದ್ದಾನೆ ಎನ್ನು. ಅದೇನು ಸುಳ್ಳಲ್ಲ, ಅವನು ಅಲ್ಲೇ ಇದ್ದಾನೆ. ಚೀಟಿ ಪೂರ್ತಿ ಆಗದಿರುವಾಗ ಲೆಕ್ಕಕ್ಕೆ ನೀನಿನ್ನೂ ಅವನ ಹೆಂಡತಿಯೇ.

ನಾವು ಓದಿ ಮೇಲೆ ಬರಬೇಕಾದ ಜನ ಅಕ್ಕಾ. ಇವತ್ತು ಒಂದು ಮನೆ ನಾಳೆ ಇನ್ನೊಂದು ಮನೆ ಅಂದರೆ ನೋಡಿದವರು ಏನು ತಿಳಿದಾರು? ನೀನು ಗಾರೆ ಹೊತ್ತು, ಕಳೆ ತೆಗೆದು ನನ್ನನ್ನು ಓದಿಸಿದ್ದನ್ನು ನಾನು ಮರೆತಿಲ್ಲ.

ಯಂಕೋಬ


ಮಲ್ಲಟ
೨ ಫೆಬ್ರುವರಿ ೧೯೮೦

ತಮ್ಮಾ,

ನಾನು ಅವ್ವ ಸುಖವಾಗಿ ಊರು ಮುಟ್ಟಿದೆವು. ಮದುವೆ ಚೆನ್ನಾಗಿ ಆಯಿತು. ಮಾಣಿಕಮ್ಮ ಅವ್ವನ ಕೈ ಹಿಡಿದು ಬಸ್ಸು ಹತ್ತಿಸಿದಳು, ಒಳ್ಳೆಯ ಹುಡುಗಿ.

ನಿನ್ನ ಅತ್ತೆಯ ಕಡೆಯ ಒಬ್ಬಾಕೆ ಊಟದ ಸಾಲಿನಲ್ಲಿ ಕೇಳಿದಳು, "ಯಾಕ್ರೀ, ನಿಮ್ಮ ಯಜಮಾನ್ರು ಬರಲಿಲ್ಲೇನು?" "ರಜಾ ಸಿಗಲಿಲ್ರೀ" ಅಂದೆ. "ಬಂಗಾರದಂಥ ಹೆಣ್ತೀನ್ನ ಬಿಟ್ಟು ಅಲ್ಲೇನ್ ಮಾಡ್ತಾರ್ರೀ, ಚಾರ್ ಮಿನಾರ್ ಕಾಯ್ತಾರೇನು?" ಅಂದಳು. ನಕ್ಕೆ. ಆಮೇಲೆ ಅನ್ನ ಸೇರಲಿಲ್ಲ. ಹೆಚ್ಚು ನಕ್ಕೆನೇನೋ ಎಂದು ಬಸ್ಸಿನಲ್ಲಿ ಯೋಚನೆ ಮಾಡಿದೆ. ನಿನಗೆ ಏನಾದರೂ ಮಾತು ಬಂತೇ?

ಕರಿಮಣಿಯನ್ನು ಊರ ಹೊರಗೇ ತೆಗೆದು ಸೆರಗಿಗೆ ಕಟ್ಟಿಕೊಂಡೆ. ಇಲ್ಲಿ ಎಲ್ಲರಿಗೂ ಬಿಡುಗಡೆ ಆದದ್ದು ಗೊತ್ತು, ಅಲ್ಲಿ ಯಾರಿಗೂ ಗೊತ್ತಿಲ್ಲ. ಯಾವ ಊರಲ್ಲಿ ಏನು ಎಂದು ಬಸ್ಸು ಇಳಿಯುವಾಗ ನೆನಪು ಮಾಡಿಕೊಳ್ಳಬೇಕು.

ಜಂಬಣ್ಣ ಗೋಡೆ ಮುಗಿಸಿ ದೇವದುರ್ಗಕ್ಕೆ ಹೋದ. ಹೋಗುವಾಗ, "ನಾ ಕಾಯ್ತೀನಿ. ಆದ್ರ ಗಾರಿ ಕಲಸಿಟ್ಟು ಭಾಳ ದಿನ ಕಾಯಾಕ ಬರಂಗಿಲ್ರೀ, ಗಟ್ಟಿ ಆಗ್ತದ" ಅಂದ.

ಹೈದರಾಬಾದಿನಿಂದ ಏನಾದರೂ ತಿಳಿಯಿತೇ?

ಯಮನಮ್ಮ


ಮಲ್ಲಟ
೫ ಮಾರ್ಚ್ ೧೯೮೧

ತಮ್ಮಾ,

ಮೂರು ಕಾಗದ ಬರೆದೆ. ಉತ್ತರ ಇಲ್ಲ. ನೀನು ಮನೆ ಬದಲಿಸಿದ್ದೀ ಎಂದು ಮಾನ್ವಿಯಲ್ಲಿ ಯಾರೋ ಹೇಳಿದರು, ಆ ಕಾಗದ ಹಳೆಯ ಮನೆಗೆ ಹೋಗಿರಬೇಕು. ಇದನ್ನು ಶಾಲೆಗೆ ಹಾಕುತ್ತಿದ್ದೇನೆ.

ಹೋದ ತಿಂಗಳು ಜನಗಣತಿಯ ಮಾಸ್ತರರು ಬಂದಿದ್ದರು. ಅವ್ವನದು ವಿಧವೆ ಎಂದು ಬರೆದರು. ನನ್ನದು ಕೇಳಿದರು. ಮದುವೆ ಆಗಿಲ್ಲ, ಆಗಿದೆ, ವಿಧವೆ, ಬಿಡುಗಡೆ, ಇವುಗಳಲ್ಲಿ ಒಂದು ಹೇಳಬೇಕಂತೆ. ಅವ್ವ ಒಳಗಿನಿಂದ, "ಬಿಡುಗಡಿ ಅಂತ ಬರ್ಕೋರೀ ಮಾಸ್ತರ" ಅಂತ ಕೂಗಿದಳು. ನಾನು, "ಇಲ್ರೀ, ಮದಿವಿ ಆಗೇದ ಅಂತ ಬರೀರಿ" ಅಂದೆ. "ಏನವ್ವಾ, ತಾಯಿ ಮಗಳು ಕೂಡಿ ಸರಕಾರಕ್ಕ ಜಗಳ ಹಚ್ಚತೀರಿ?" ಅಂತ ಅವರು ನಕ್ಕರು. ಏನು ಬರೆದರೋ ಗೊತ್ತಿಲ್ಲ. ತಪ್ಪು ಬರೆಸಿದರೆ ಜೈಲು ಉಂಟೇ? ಮಾಸ್ತರರಿಗೆಲ್ಲ ಅದೇ ಕೆಲಸ ಕೊಟ್ಟಿದ್ದಾರಂತೆ, ನಿನಗೆ ಗೊತ್ತಿರುತ್ತದೆ.

ಜಂಬಣ್ಣ ಉಡಿಕಿ ಮಾಡಿಕೊಂಡ. ದೇವದುರ್ಗದ ಕಡೆಯವಳೇ, ಮಾನಮ್ಮ ಎಂದು ಹೆಸರು.

ಹತ್ತಿ ಬಿಡಿಸುವ ಕೆಲಸ ಮುಗಿಯುತ್ತ ಬಂತು. ಅವ್ವನ ಕಾಲು ಬಾತಿದೆ.

ಯಮನಮ್ಮ


ರಾಯಚೂರು
೧೧ ಏಪ್ರಿಲ್ ೧೯೮೧

ಅಕ್ಕಾ,

ಕಾಗದ ಬಂತು. ಜೈಲು ಗೀಲು ಏನೂ ಇಲ್ಲ, ಹೆದರಬೇಡ. ಮದುವೆಯಾಗಿದೆ ಎಂದದ್ದು ಸರಿಯಾಯಿತು.

ಜನಗಣತಿಗೆ ನನ್ನ ಪಾಲಿಗೆ ಬಂದ ಓಣಿಯಲ್ಲಿ ಆರುನೂರು ಚಿಲ್ಲರೆ ಜನ. ಬಿಡುಗಡೆಯಾದವರು ಒಬ್ಬರೂ ಇಲ್ಲ. ಒಬ್ಬಾಕೆ ಮೊದಲು ಹಾಗೆ ಹೇಳಿ, ನಾನು ನಾಲ್ಕು ಮನೆ ದಾಟಿದ ಮೇಲೆ ಓಡಿ ಬಂದು, ಮಾಸ್ತರ ಅದನ್ನು ತಿದ್ದಿರಿ, ಮಗಳಿಗೆ ವರ ನೋಡುತ್ತಿದ್ದೇವೆ ಎಂದಳು. ತಿದ್ದಿದೆ. ಒಟ್ಟಿನಲ್ಲಿ ನಮ್ಮ ಜನ ಸುಧಾರಿಸಿದ್ದಾರೆ ಎಂದು ಲೆಕ್ಕ ಕೂಡಿಸುವಾಗ ಅನಿಸಿತು.

ಗೌಂಡಿಯದು ಒಂದು ರೀತಿ ಒಳ್ಳೆಯದೇ ಆಯಿತು. ಅವ್ವನ ಕಾಲಿಗೆ ಮಾಣಿಕಮ್ಮ ಒಂದು ಮುಲಾಮು ಕೊಟ್ಟಿದ್ದಾಳೆ, ಬರುವವರ ಕೈಯಲ್ಲಿ ಕಳಿಸುತ್ತೇನೆ.

ಯಂಕೋಬ


ದೇವದುರ್ಗ
೧೮ ಆಗಸ್ಟ್ ೧೯೮೪

ತಮ್ಮಾ,

ಅವ್ವ ಹೋಗಿ ವರ್ಷ ಆಯಿತು. ಮಣ್ಣಿಗೆ ಬಂದಾಗ ನೀನು ಅವಸರದಲ್ಲಿದ್ದಿ, ಮಾತಾಡಲು ಆಗಲಿಲ್ಲ. ಮಲ್ಲಟದ ಮನೆಗೆ ಬೀಗ ಹಾಕಿ ಇಲ್ಲಿಗೆ ಬಂದಿದ್ದೇನೆ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಯ ಕೆಲಸ, ದಿನಗೂಲಿ. ಬೆಳಿಗ್ಗೆ ಎಂಬತ್ತು ರೊಟ್ಟಿ, ಸಂಜೆ ಎಂಬತ್ತು ರೊಟ್ಟಿ. ಬಡಿಯುವಾಗ ಏನೂ ಯೋಚನೆ ಬರುವುದಿಲ್ಲ, ಅದೇ ಒಳ್ಳೆಯದು.

ಹೋದ ತಿಂಗಳು ಕಾಯಂ ಮಾಡಲು ಅರ್ಜಿ ತುಂಬಿಸಿದರು. ವಿಧವೆಯರನ್ನು, ಗಂಡ ಬಿಟ್ಟವರನ್ನು ಮೊದಲು ನೋಡುತ್ತೇವೆ ಎಂದು ಗುಮಾಸ್ತರು ಹೇಳಿದರು. "ನಿಮ್ಮದು ಏನಾದ್ರೂ ಕಾಗದ ಅದ ಏನ್ರೀ?" ಎಂದು ಕೇಳಿದರು. "ಅದರೀ, ಆದ್ರ ಅದು ನಡೆಂಗಿಲ್ರೀ" ಅಂದೆ. "ನಡೆಂಗಿಲ್ಲಂದ್ರ ಅದೇನು ಖೋಟಾ ನೋಟೇನ್ರೀ?" ಅಂದರು. ಗಂಡನ ಹೆಸರಿನ ಜಾಗದಲ್ಲಿ ಹನುಮಂತ್ರಾಯ ಎಂದು ಬರೆದೆ. ಗಂಡನ ಉದ್ಯೋಗ ಗೊತ್ತಿಲ್ಲ, ವಿಳಾಸ ಗೊತ್ತಿಲ್ಲ ಎಂದು ಬರೆದೆ. ನನ್ನ ಹೆಸರು ಕಾಯಂ ಪಟ್ಟಿಯಲ್ಲಿ ಬರಲಿಲ್ಲ.

ಹಾಸ್ಟೆಲಿನ ಹಿತ್ತಲಿಗೆ ಗೋಡೆ ಕಟ್ಟಲು ಜಂಬಣ್ಣ ಬಂದಿದ್ದ. ಮಾನಮ್ಮ ಗಾರೆ ಹೊರುತ್ತಿದ್ದಳು. ಇಬ್ಬರಿಗೂ ನೀರು ಕೊಟ್ಟೆ. ಆಕೆ ಬುಟ್ಟಿ ಸ್ವಲ್ಪ ಹೆಚ್ಚೇ ತುಂಬುತ್ತಾಳೆ, ಚೆಲ್ಲುತ್ತದೆ.

ಚೀಟಿ ನಿನ್ನ ಟ್ರಂಕಿನಲ್ಲೇ ಇದೆಯಲ್ಲ? ಗೆದ್ದಲು ಹತ್ತದಂತೆ ನೋಡಿಕೋ. ನಡೆಯದಿದ್ದರೂ ಇರಲಿ.

ಯಮನಮ್ಮ


ರಾಯಚೂರು
೬ ಅಕ್ಟೋಬರ್ ೧೯೮೬

ಅಕ್ಕಾ,

ಎರಡು ವರ್ಷ ಬರೆಯಲಿಲ್ಲ, ಕ್ಷಮಿಸು. ಈಗ ಬರೆಯಲೇಬೇಕಾಗಿದೆ.

ಮಾಣಿಕಮ್ಮ ಮನೆ ಬಿಟ್ಟು ಐದು ತಿಂಗಳಾಯಿತು. ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿದ್ದಾಳೆ. ಜಗಳ ಅಂತ ಏನೂ ಇಲ್ಲ. ಒಂದು ದಿನ ಡ್ಯೂಟಿ ಮುಗಿಸಿ ಬಂದು ಬಟ್ಟೆ ಮಡಚಿಕೊಂಡಳು. ಯಾಕೆ ಎಂದರೆ, "ನಿಮ್ಮ ಜೋಡಿ ಇದ್ರೂ ಒಂದ, ಇಲ್ದಿದ್ರೂ ಒಂದ. ನೀವು ಎದಿಯೊಳಗ ಏನಿಟ್ಟೀರಿ ಅಂತ ಆರು ವರ್ಷದಾಗ ನನಗ ತಿಳೀಲಿಲ್ಲ. ನನಗ ಪಗಾರ ಅದ, ಹೋಗ್ತೀನಿ" ಎಂದಳು. ಆಕೆಯ ತಂದೆ ಹಾಸಿಗೆ ಹಿಡಿದಿದ್ದಾರೆ. ಹೆಣ್ಣುಮಕ್ಕಳ ಕೈಗೆ ಪಗಾರ ಬಂದದ್ದೇ ಹೀಗಾಗಲು ಕಾರಣ ಎಂದು ನಮ್ಮ ಶಾಲೆಯ ಮಾಸ್ತರರು ಹೇಳುತ್ತಾರೆ. ಈಗ ಪ್ರತಿ ಓಣಿಯಲ್ಲೂ ಇಂಥದ್ದೊಂದು ಇದೆಯಂತೆ, ಕಾಲ ಕೆಟ್ಟಿತು ಎನ್ನುತ್ತಾರೆ. ನನಗೆ ಏನೂ ಅನ್ನಿಸುತ್ತಿಲ್ಲ. ಶಾಲೆಗೆ ಹೋಗುತ್ತೇನೆ, ಬರುತ್ತೇನೆ.

ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಹಿಡಿಯುತ್ತದೆ. ವಕೀಲರು ಒಂದು ದಾರಿ ಹೇಳಿದ್ದಾರೆ. ನಮ್ಮ ಜನದಲ್ಲಿ ಹಿರಿಯರ ಮುಂದೆ ಸೋಡಚೀಟಿ ಕೊಡುವ ರೂಢಿ ಹಿಂದಿನಿಂದ ಇದೆ ಎಂದು ತೋರಿಸಿದರೆ, ನಾವೂ ಹಾಗೆಯೇ ಬಿಡುಗಡೆಯಾಗಿ ಕೋರ್ಟಿನ ಮುಂದೆ ಇಡಬಹುದಂತೆ. ಮಾಣಿಕಮ್ಮಳೂ ಒಪ್ಪಿದ್ದಾಳೆ. ಅದಕ್ಕೆ ನಮ್ಮ ಮನೆಯದೇ ಸಾಕ್ಷಿ ಬೇಕು. ನಿನ್ನ ಚೀಟಿಯನ್ನು ವಕೀಲರಿಗೆ ತೋರಿಸಿದೆ. ಅವರು ಬಹಳ ಸಂತೋಷಪಟ್ಟರು. "ಇದಕ್ಕಿಂತ ಚೊಕ್ಕ ಚೀಟಿ ನಾನು ನೋಡಿಲ್ಲ. ತಾರೀಖು, ಹಿರಿಯರ ಸಹಿ, ಗಂಡನ ಹೆಬ್ಬೆಟ್ಟು, ಎಲ್ಲ ಇದೆ. ಬರೆದ ದಿನದಿಂದಲೇ ನಿಮ್ಮ ಅಕ್ಕನದು ಪೂರ್ತಿ ಬಿಡುಗಡೆ" ಎಂದರು.

ನೀನು ಬಂದು ಅಷ್ಟನ್ನೇ ಹೇಳಬೇಕು. ಡಿಸೆಂಬರ್ ಎಂಟಕ್ಕೆ ತಾರೀಖು ಇದೆ. ನನಗೆ ಬೇರೆ ಯಾರಿದ್ದಾರೆ?

ಯಂಕೋಬ


ದೇವದುರ್ಗ
೨ ನವೆಂಬರ್ ೧೯೮೬

ತಮ್ಮ ಯಂಕೋಬನಿಗೆ ಅಕ್ಕ ಯಮನಮ್ಮ ಬರೆಯುವುದು.

ನಿನ್ನ ಕಾಗದ ಓದಲು ನನಗೆ ಎಂಟು ದಿನ ಹಿಡಿಯಿತು. ನೀನು ಈಗ ಬಿಡಿಬಿಡಿಯಾಗಿ ಬರೆಯುವುದು ಬಿಟ್ಟಿದ್ದೀ. ಅವಸರದಲ್ಲಿರಬೇಕು. ಯಾರಿಂದಲಾದರೂ ಓದಿಸೋಣ ಎಂದರೆ ಮನೆಯ ವಿಷಯ, ಮನಸ್ಸು ಬರಲಿಲ್ಲ. ಅದಕ್ಕೆ ನಿನ್ನ ಹಳೆಯ ಕಾಗದ ತೆಗೆದು ಪಕ್ಕದಲ್ಲಿಟ್ಟುಕೊಂಡೆ. ಅದರಲ್ಲಿ ಗೊತ್ತಿದ್ದ ಮಾತು ನೋಡಿ, ಇದರಲ್ಲಿ ಅದೇ ಎಲ್ಲಿದೆ ಎಂದು ಬೆರಳಿಟ್ಟು ಹುಡುಕಿ, ದಿನಕ್ಕೆ ನಾಲ್ಕು ಸಾಲು ಓದಿದೆ. ನನ್ನ ಹತ್ತಿರ ನಿನ್ನ ಹಳೆಯ ಕಾಗದ ಮೂರೇ ಇವೆ. ಮೇಲಿದ್ದದ್ದು ಎಪ್ಪತ್ತೊಂಬತ್ತರ ಜುಲೈ ಮೂರನೇ ತಾರೀಖಿನದು.

ಮಾಣಿಕಮ್ಮ ಹೋದಳು ಎಂದು ಓದಿದೆ. ನಿನಗೆ ಊಟಕ್ಕೆ ಹೇಗೆ? ಗ್ಯಾಸ್ ಒಲೆ ಆರಿಸಿ ಶಾಲೆಗೆ ಹೋಗು. ಪಗಾರ ಬಂದದ್ದಕ್ಕೆ ಹೆಣ್ಣುಮಕ್ಕಳು ಬಿಟ್ಟು ಹೋಗುತ್ತಾರೆ ಎಂದು ಮಾಸ್ತರರು ಅಂದರೆಂದು ಬರೆದಿದ್ದೀ. ಅವ್ವನಿಗೆ ಪಗಾರ ಇರಲಿಲ್ಲ. ಆಕೆಯೂ ಬಿಟ್ಟು ಬಂದಿದ್ದಳು, ಇನ್ನೊಂದು ಮನೆ ಕಂಡಳು, ನಮ್ಮಿಬ್ಬರನ್ನು ಹಡೆದಳು. ಆಗ ಯಾರೂ ಬಂದು ಎಣಿಸಲಿಲ್ಲ, ಅಷ್ಟೇ ಇರಬೇಕು. ನನಗೆ ಇಂಥದ್ದು ತಿಳಿಯುವುದಿಲ್ಲ.

ಹೈದರಾಬಾದಿನ ನಿನ್ನ ಪರಿಚಯದವರಿಗೆ ಹನುಮಂತ್ರಾಯ ಸಿಕ್ಕಿದ್ದನೇ? ಸಿಕ್ಕಿದ್ದರೆ ನೀನು ಬರೆಯುತ್ತಿದ್ದಿ. ಹೋದ ಉಗಾದಿಗೆ ಗುಂಜಹಳ್ಳಿಯ ಒಬ್ಬಾಕೆ ಇಲ್ಲಿ ಸಿಕ್ಕಿದ್ದಳು. ಅವನು ಎಂದೂ ಊರಿಗೆ ತಿರುಗಿ ಬಂದಿಲ್ಲ, ಅಲ್ಲೇ ಸಂಸಾರ ಮಾಡಿಕೊಂಡಿದ್ದಾನೆ ಎಂದಳು.

ಸಾಕ್ಷಿಗೆ ಬರುವುದಿಲ್ಲ ಎಂದು ನಾನು ಹೇಳುವುದಿಲ್ಲ. ಒಬ್ಬನೇ ತಮ್ಮ. ವಾರ್ಡನ್ ಬಾಯಿಯವರಿಗೆ ರಜೆ ಕೇಳಿದ್ದೇನೆ, ಕೊಟ್ಟಿದ್ದಾರೆ. ಬೆಳಿಗ್ಗೆ ಮೊದಲನೇ ಬಸ್ಸಿಗೆ ಹೊರಟರೆ ಕೋರ್ಟು ತೆರೆಯುವ ಹೊತ್ತಿಗೆ ಮುಟ್ಟುತ್ತೇನೆ. ಆ ದಿನ ಕರಿಮಣಿ ಹಾಕಿಕೊಂಡು ಬರಬೇಕೋ, ಬಿಟ್ಟು ಬರಬೇಕೋ ಅದನ್ನೂ ತಿಳಿಸು. ಸೆರಗಿನಲ್ಲಿ ಕಟ್ಟಿಕೊಂಡಾದರೂ ಇರುತ್ತೇನೆ.

ಆದರೆ ಅಲ್ಲಿ ಕಟಕಟೆಯಲ್ಲಿ ನಿಲ್ಲಿಸಿ ಸತ್ಯವನ್ನೇ ಹೇಳುತ್ತೇನೆ ಎಂದು ಆಣೆ ಮಾಡಿಸುತ್ತಾರಂತೆ. ನನಗೆ ಭಯ ಇರುವುದು ಅದೊಂದಕ್ಕೆ. ಚೀಟಿಯಲ್ಲಿ ಗಂಡನ ಗುರುತು ಇತ್ತೇ ಎಂದು ಕೇಳಿದರೆ ಏನು ಹೇಳಲಿ? ನಿನ್ನ ಹಳೆಯ ಕಾಗದದಲ್ಲಿ ಹೆಬ್ಬೆಟ್ಟಿನ ಜಾಗ ಖಾಲಿ ಇದೆ ಎಂದು ಬಿಡಿಬಿಡಿಯಾಗಿ ಬರೆದಿದ್ದೀ. ಹೊಸ ಕಾಗದದಲ್ಲಿ ಹೆಬ್ಬೆಟ್ಟು ಇದೆ ಎಂದಿದ್ದೀ. ನಾನು ಮೂರನೇ ಕ್ಲಾಸಿನವಳು, ಕೂಡಿಸಿ ಬರೆದದ್ದು ತಪ್ಪಾಗಿ ಓದಿರಬಹುದು. ಏಳು ವರ್ಷ ನಾನು ನೀನು ಹೇಳಿದ್ದನ್ನೇ ಹೇಳಿಕೊಂಡು ಬಂದಿದ್ದೇನೆ. ಈಗಲೂ ಹಾಗೆಯೇ ಹೇಳುತ್ತೇನೆ.

ಆದ್ದರಿಂದ ಚೀಟಿಯನ್ನು ವಕೀಲರ ಹತ್ತಿರದಿಂದ ತರಿಸಿಕೋ. ಬಾಗಿಲಿಗೆ ಬಂದು ಬೆಳಕಿಗೆ ಹಿಡಿ. ಕೆಳಗೆ, ಪೀರಾ ಸಾಬರ ಸಹಿಯ ಎಡಕ್ಕೆ, ನೀಲಿ ಶಾಯಿಯ ಹೆಬ್ಬೆಟ್ಟು ಇದೆಯೋ ಇಲ್ಲವೋ, ಅದೊಂದನ್ನು ಇನ್ನೊಮ್ಮೆ ನೋಡಿ ನನಗೆ ಬರಿ. ಬಿಡಿಬಿಡಿಯಾಗಿ ಬರಿ.

ಯಮನಮ್ಮ